ಸುಂಕವಿಲ್ಲದ ಸೇತುವೆ

ಈಸ್ಟನ್ನಿನಲ್ಲಿ ನನ್ನ ಕೆಲಸ ಕಿವಿ ನೋಡುವುದು.
ಕಿಟಕಿಯಾಚೆ ಡೆಲವೇರ್ ಹೊಳೆ,
ಹೊಳೆಯಾಚೆ ನ್ಯೂಜೆರ್ಸಿ,
ನಡುವೆ ಹಳೆಯದೊಂದು ಕಬ್ಬಿಣದ ಸೇತುವೆ.
ಅದಕ್ಕೆ ಯಾರೂ ಸುಂಕ ಕಟ್ಟುವುದಿಲ್ಲ,
ಹಾಗಾಗಿ ಸುಖದುಃಖ ಹೇಳಿಕೊಳ್ಳಲು
ಸುಂಕದವನೂ ಇಲ್ಲ ಅಲ್ಲಿ.
ನನ್ನ ಬಳಿ ಬರುತ್ತಾರೆ.

ಲವೀನಾ ಕಿಸ್ಲರ್ ಬಂದದ್ದು ಮಾರ್ಚಿನಲ್ಲಿ,
ಗಂಡ ಹಾರ್ಲನ್ ತೀರಿಕೊಂಡ ಆರನೇ ವಾರ.
ಅವನ ಕಿವಿ ನನಗೆ ಗೊತ್ತು:
ನಲವತ್ತು ವರ್ಷ ಜಿಂಕೆಯ ಬೇಟೆ,
ಬಲಗೈಯವನಾದ್ದರಿಂದ ಎಡಗಿವಿ ಮೊದಲು ಹೋಯಿತು.
ಪರೀಕ್ಷೆಯ ಕಾಗದದಲ್ಲಿ ಅವನ ಗೆರೆ
ನಾಲ್ಕು ಸಾವಿರ ಹರ್ಟ್ಜ್‌ಗೆ ಬಂದು
ಹಗ್ಗ ಕಳಚಿದ ಕೊಡದ ಹಾಗೆ ಕೆಳಗೆ.

‘ಸೈಲೆನ್ಸರ್ ತಗೊಳ್ಳಲಾ, ಡಾಕ್ಟರ್?’ ಅಂದಿದ್ದ.
ನಾನು ದಾವಣಗೆರೆಯವಳು.
ಸೈಲೆನ್ಸರ್ ಅಂದರೆ ನನಗೆ ಅಣ್ಣನ ಲೂನಾದ ಕೊಳವೆ,
ತಾಗಿದರೆ ಕಾಲಲ್ಲೂ ಬೊಬ್ಬೆ, ಬಾಯಲ್ಲೂ ಬೊಬ್ಬೆ.
ತಗೋ ಅಂದೆ. ಇನ್ನೊಂದು ಕಿವಿಯಾದರೂ ಉಳಿಯಲಿ.

ಎರಡು ಕಾರ್ಡಿನ ಮೇಲೆ ಹತ್ತು ಬೆರಳಿನ ಅಚ್ಚು.
ಹೆಣ್ಣಿನ ಕಡೆಯವರಿಗೆ ಕಳಿಸುವಂತೆ ಫೋಟೋ.
ಆಗಿನ್ನೂ ತೆರಿಗೆ ಇನ್ನೂರು ಡಾಲರ್.
ವಾಷಿಂಗ್ಟನ್ನಿನಿಂದ ಚೀಟಿ ಬರುವತನಕ
ಅಂಗಡಿಯ ಬೀರುವಿನಲ್ಲಿ ಅವನದೇ ವಸ್ತು,
ಅವನು ಮನೆಗೆ ಒಯ್ಯುವಂತಿಲ್ಲ.
ಶನಿವಾರ ಶನಿವಾರ ಹೋಗಿ ನೋಡಿ ಬರುತ್ತಿದ್ದನಂತೆ
ಹನ್ನೊಂದು ತಿಂಗಳು,
ದಿನ ತುಂಬದೆ ಹುಟ್ಟಿದ ಕೂಸನ್ನು
ಗಾಜಿನಾಚೆಯಿಂದ ನೋಡುವ ಹಾಗೆ.

ಈಗ ಅದು ಲವೀನಾಳ ಪಾಲಿಗೆ.
ವಾರಸುದಾರರಿಗೆ ತೆರಿಗೆ ಮಾಫಿ;
ಒಂದು ಅರ್ಜಿ, ಮತ್ತೆ ಹತ್ತು ಬೆರಳು.
ಬಣ್ಣದ ಕಡ್ಡಿಯ ಕಾರ್ಖಾನೆಯಲ್ಲಿ ಗೆರೆ ಸವೆದ ಬೆರಳು.
ಅಷ್ಟೂ ಪೆನ್ಸಿಲ್ವೇನಿಯಾದಲ್ಲೇ ಇದ್ದರೆ.
ಮಗಳಿರುವುದು ಫಿಲಿಪ್ಸ್‌ಬರ್ಗಿನಲ್ಲಿ,
ಸಂಜೆ ಇಲ್ಲಿಂದಲೇ ಅವಳ ಅಡುಗೆಮನೆಯ ದೀಪ ಕಾಣುತ್ತದೆ.
ಅಮ್ಮನಿಗೆಂದು ಮೆಟ್ಟಿಲಿಲ್ಲದ ಕೋಣೆ ತೆರವು ಮಾಡಿಟ್ಟಿದ್ದಾಳೆ.

‘ಅಲ್ಲಿಗೆ ಒಯ್ದರೆ ಅಪರಾಧವಂತೆ.
ದೇಶ ಹೂಂ ಅಂದದ್ದಕ್ಕೆ
ರಾಜ್ಯ ಊಹೂಂ ಅನ್ನುತ್ತೆ.
ಸೇತುವೆಯ ಎಷ್ಟನೇ ಮೊಳೆಯಿಂದ ಆಚೆ, ಹೇಳಿ,
ನಾನು ಕಳ್ಳಿ?’

ಮೊಳೆ ಎಣಿಸಿದವಳಲ್ಲ ನಾನು.
ಗೊತ್ತಿದ್ದಷ್ಟು ಹೇಳಿದೆ:
ಅದು ಮೌನವನ್ನೇನೂ ತರುವುದಿಲ್ಲ,
ಸಿನಿಮಾದವರ ಸುಳ್ಳು ಅದು.
ನೂರ ಅರವತ್ತನ್ನು ನೂರ ಮೂವತ್ತಕ್ಕೆ ಇಳಿಸುತ್ತದೆ.
ಕೂಗುವ ಕುಕ್ಕರಿನ ಮೇಲೆ ಒದ್ದೆ ಬಟ್ಟೆ ಹಾಕಿದ ಹಾಗೆ.

‘ಹಾಗಾದರೆ ಅವರಿಗೇನು ಭಯ?’

ಆಚೆ ದಡದಿಂದ ನನ್ನಲ್ಲಿಗೆ ಇನ್ನೊಬ್ಬ ಬರುತ್ತಾನೆ.
ಗೋದಾಮಿನ ಕಾವಲಿನವ.
ಒಂದು ರಾತ್ರಿ ಕೆಲಸ ಕಳೆದುಕೊಂಡವನೊಬ್ಬ
ಬಂದೂಕು ಹಿಡಿದು ಒಳಗೆ ಬಂದಾಗ
ಮೊದಲ ಸದ್ದಿಗೇ ಎದ್ದು ಓಡಿದವನು, ಬದುಕಿದವನು.
ಅಂದಿನಿಂದ ಅವನ ಕಿವಿಯಲ್ಲಿ ಜೀರುಂಡೆ.
ಔಷಧಿ ಬೇಡ ಅನ್ನುತ್ತಾನೆ,
ಇರಲಿ ಬಿಡಿ, ಅದು ಎಚ್ಚರವಾಗಿದ್ದರೆ ನಾನು ಮಲಗಬಲ್ಲೆ.
ಅವನ ಸುದ್ದಿ ಇವಳಿಗೆ ಹೇಳುವಂತಿಲ್ಲ.
ಅದೂ ಕಾನೂನು, ಎರಡೂ ದಡದಲ್ಲಿ.

ಏಪ್ರಿಲಿನಲ್ಲಿ ಅಂಗಡಿಯವನಿಗೇ ಕೊಟ್ಟಳಂತೆ,
ಕೇಳಿದ ಬೆಲೆಗೆ, ಚೌಕಾಸಿ ಮಾಡದೆ.
ಕೈಚೀಲದಲ್ಲಿ ಹಾರ್ಲನ್ನನ ಕಿತ್ತಳೆ ಬಣ್ಣದ ಕಿವಿಮುಚ್ಚಳ ಇತ್ತು;
ಒಳಗಿನ ಸ್ಪಂಜು ಎಡಗಡೆ ಮಾತ್ರ ಹೊಸದು.
ಇದಕ್ಕೆ ಯಾರ ತಕರಾರೂ ಇಲ್ಲ, ವಿಚಾರಿಸಿದ್ದೇನೆ, ಅಂದಳು.

ಸದ್ದು ಹೊಗದ ಪೆಟ್ಟಿಗೆಯಲ್ಲಿ ಕೂರಿಸಿ
ಬಾಗಿಲು ಹಾಕಿದೆ.
ಕೇಳಿಸಿದಾಗ ಗುಂಡಿ ಒತ್ತಿ.
ಒತ್ತಿದಳು.
ಒತ್ತಿದಳು.
ನಾನೇನೂ ಕಳಿಸದೆ ಸುಮ್ಮನೆ ಕೂತಾಗಲೂ
ಕತ್ತು ಬಾಗಿಲಿನ ಕಡೆಗೆ ತಿರುಗಿಸಿ
ಹೆಬ್ಬೆರಳು ಒತ್ತಿದಳು, ಎರಡು ಸಲ.

ಅಂಥದ್ದನ್ನು ಬರೆಯಲು ವರದಿಯಲ್ಲಿ ಒಂದು ಕಾಲಂ ಇದೆ.
ಖಾಲಿ ಬಿಟ್ಟೆ.